‘ಸಿಗರೇಟು ಸೇದುತ್ತೀರಾ?’ ಎಂದು ಯಾವ ಡಾಕ್ಟರೂ ಕೇಳಲಿಲ್ಲ

ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಹಿಂದೊಂದು ಸಂಚಿಕೆಯಲ್ಲಿ ಗಂಡಸರ ಬೀಡಿ ಚಟವನ್ನು ಕುರಿತು ಈ ಅಂಕಣದಲ್ಲಿ ಬರೆದಿದ್ದೆ. ಅದಕ್ಕೆ ಉತ್ತರವಾಗಿ ಬಂದ ಪತ್ರಗಳಲ್ಲಿ ಕೆಲವು ಯುವತಿಯರವು ಮತ್ತು ಯುವತಿಯರ ಬಗೆಗಿನವು. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿರುವುದರಿಂದ ಜಿಲ್ಲೆಯ ಹೆಸರನ್ನಷ್ಟೇ ಉಳಿಸಿಕೊಂಡು, ಈ ಬಾರಿಯ ಪುಟವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟರ್ ಅವರಿಗೆ ನಮಸ್ಕಾರ. ನನಗೆ 24 ವರ್ಷ. ತುಮಕೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ರಾತ್ರಿ ಪಾಳಿ ಇರುವ ವಾರಗಳಲ್ಲಿ ಅಲ್ಲಿಯೇ ಪಿ.ಜಿ.ಯಲ್ಲಿ ಉಳಿಯುತ್ತೇನೆ. ಮೂರು ವರ್ಷಗಳಿಂದ ದಿನಕ್ಕೆ ಆರೇಳು ಸಿಗರೇಟು ಸೇದುತ್ತಿದ್ದೇನೆ. ಎರಡು ಸಲ ಬಿಟ್ಟೆ, ಎರಡು ಸಲವೂ ಮೂರನೆಯ ದಿನಕ್ಕೆ ಸೋತೆ. ಕಳೆದ ವರ್ಷ ಮುಟ್ಟಿನ ಏರುಪೇರು, ತಲೆನೋವು, ಕೆಮ್ಮು ಎಂದು ಮೂರು ಬಾರಿ ಬೇರೆ ಬೇರೆ ವೈದ್ಯರಲ್ಲಿಗೆ ಹೋಗಿದ್ದೆ. ಪಿ.ಸಿ.ಓ.ಡಿ. (ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆ) ಎಂದು ತಿಂಗಳಿಗೆ 21 ಮಾತ್ರೆ ನುಂಗಲು ಬರೆದುಕೊಟ್ಟಿದ್ದಾರೆ. ಸಿಗರೇಟಿನ ವಿಷಯವನ್ನು ಅವರು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಬೀದಿಯ ಡಾಕ್ಟರು ಅಪ್ಪನ ಸ್ನೇಹಿತರು. ಅವರಿಗೆ ಹೇಳಿದರೆ ಮನೆಗೆ ತಿಳಿಯುವುದಿಲ್ಲವೇ?
— ತುಮಕೂರು

ಉತ್ತರ: ನಿಮ್ಮ ಪತ್ರದ ಕೊನೆಯ ಪ್ರಶ್ನೆಗಿಂತ ಅದಕ್ಕೂ ಮೊದಲಿನ ಒಂದು ಸಾಲು ನನ್ನನ್ನು ಹೆಚ್ಚು ಚುಚ್ಚಿತು. ಮೂವರು ವೈದ್ಯರು ಕೇಳಲಿಲ್ಲ ಎಂದಿದ್ದೀರಿ. ಆ ಮೂವರ ಸಾಲಿನಲ್ಲಿ ನಾನೂ ನಿಲ್ಲಬೇಕಾದವಳೇ. ವೃತ್ತಿಯ ಮೊದಲ ಹಲವು ವರ್ಷ ನಾನು ಗಂಡಸರ ಹೊರರೋಗಿ ಚೀಟಿಯಲ್ಲಿ ‘ಬೀಡಿ, ದಿನಕ್ಕೊಂದು ಕಟ್ಟು’ ಎಂದು ತಪ್ಪದೆ ಬರೆಯುತ್ತಿದ್ದೆ. ಹೆಂಗಸರ ಚೀಟಿಯಲ್ಲಿ ಆ ಜಾಗ ಖಾಲಿಯಾಗಿಯೇ ಉಳಿಯುತ್ತಿತ್ತು. ವಯಸ್ಸಾದವರನ್ನಾದರೆ ಹೊಗೆಸೊಪ್ಪಿನ ಬಗ್ಗೆ ಕೇಳುತ್ತಿದ್ದೆ. ಸಲ್ವಾರ್ ತೊಟ್ಟು ಬಂದ ಹುಡುಗಿಯನ್ನು ‘ಸಿಗರೇಟು ಸೇದುತ್ತೀಯೇನಮ್ಮಾ’ ಎಂದು ಕೇಳುವುದು ಅವಳನ್ನು ಅವಮಾನಿಸಿದಂತೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅಜ್ಜಿ ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ, ಮೊಮ್ಮಗಳು ಸಿಗರೇಟು ಹಚ್ಚಿದರೆ ಮನೆಯ ಮಾನ ಹೋಗುತ್ತದೆ. ಈ ಲೆಕ್ಕಾಚಾರ ಆಸ್ಪತ್ರೆಯ ಬಾಗಿಲು ದಾಟಿ ಒಳಗೂ ಬಂದಿತ್ತು.

ದೇಶದಾದ್ಯಂತ 2016–17ರಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಹೊಗೆ ಸೇದುವ ಹೆಂಗಸರು ಶೇ 2ರಷ್ಟು ಮಾತ್ರ. ಹೊಗೆಸೊಪ್ಪಿನಂಥವನ್ನು ಬಳಸುವವರು ಶೇ 12.8. ಶೇ 2 ಎಂಬ ಅಂಕಿ ನೋಡಿ, ಕೇಳಿ ಪ್ರಯೋಜನವೇನು ಎಂದು ವೈದ್ಯರು ಸುಮ್ಮನಾಗುತ್ತಾರೆ. ಆದರೆ ಆ ಅಂಕಿ ಮನೆಮನೆಗೆ ಹೋಗಿ ಕೇಳಿ ತಂದದ್ದು ಎಂಬುದನ್ನು ಮರೆಯಬಾರದು. ಅತ್ತೆಯೋ ಅಪ್ಪನೋ ಪಕ್ಕದ ಕೋಣೆಯಲ್ಲಿ ಕುಳಿತಿರುವಾಗ ನೀವಾದರೂ ಹೌದು ಎನ್ನುತ್ತಿದ್ದಿರೇ?

ನಿಮ್ಮ ವಿಷಯದಲ್ಲಿ ಆ ಪ್ರಶ್ನೆ ಕೇಳದೆ ಹೋದದ್ದು ಸಣ್ಣ ಲೋಪವಲ್ಲ. ಪಿ.ಸಿ.ಓ.ಡಿ.ಗೆಂದು 21 ದಿನ ನುಂಗಿಸುವ ಮಾತ್ರೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಇರುವ ಸಂಯುಕ್ತ ಮಾತ್ರೆ, ಅಂದರೆ ಗರ್ಭನಿರೋಧಕ ಮಾತ್ರೆಯೇ. ಈ ಮಾತ್ರೆಯೂ ಸಿಗರೇಟೂ ಒಟ್ಟುಗೂಡಿದರೆ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯ ಏರುತ್ತದೆ. 35 ದಾಟದವರಿಗೆ ಎಚ್ಚರಿಕೆಯಿಂದ ಕೊಡಬಹುದಾದರೂ, ಸೇದುವ ವಿಷಯ ಕೊಡುವವರಿಗೆ ತಿಳಿದಿರಲೇಬೇಕು. ಅದರ ಮೇಲೆ ನಿಮಗೆ ತಲೆನೋವೂ ಇದೆ. ತಲೆನೋವು ಆರಂಭವಾಗುವ ಮುನ್ನ ಕಣ್ಣೆದುರು ಅಂಕುಡೊಂಕು ಮಿಂಚಿನ ಗೆರೆಗಳು ಕಾಣುವುದು, ದೃಷ್ಟಿಯ ಒಂದು ಭಾಗ ಮಸುಕಾಗುವುದು ಮುಂತಾದ ಲಕ್ಷಣಗಳಿದ್ದರೆ ಅದು ಒಂದು ಬಗೆಯ ಮೈಗ್ರೇನ್. ಅಂಥವರಿಗೆ ಈಸ್ಟ್ರೊಜೆನ್ ಮಾತ್ರೆಯನ್ನು ಕೊಡುವಂತಿಲ್ಲ, ಏಕೆಂದರೆ ಎಳೆಯ ವಯಸ್ಸಿನಲ್ಲಿಯೂ ಪಾರ್ಶ್ವವಾಯುವಿನ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ಮುಂದಿನ ತಿಂಗಳವರೆಗೆ ಕಾಯದೆ, ಇದೇ ವಾರ ಆ ಮಾತ್ರೆ ಬರೆದವರನ್ನೇ ಕಂಡು ತಲೆನೋವು, ಸಿಗರೇಟು ಎರಡನ್ನೂ ಒಟ್ಟಿಗೆ ಹೇಳಿ.

ಹೇಳುವುದು ಹೇಗೆ ಎಂಬುದು ನಿಮ್ಮ ನಿಜವಾದ ಪ್ರಶ್ನೆ. ನಿಮಗೆ 18 ತುಂಬಿದೆ. ನಿಮ್ಮ ಚೀಟಿಯಲ್ಲಿರುವುದನ್ನು ನಿಮ್ಮ ಒಪ್ಪಿಗೆಯಿಲ್ಲದೆ ತಂದೆಗಾಗಲಿ ನಾಳೆ ಗಂಡನಿಗಾಗಲಿ ತಿಳಿಸುವ ಅಧಿಕಾರ ವೈದ್ಯರಿಗಿಲ್ಲ. ರೋಗಿಯ ಗುಟ್ಟನ್ನು ಕಾಪಾಡಬೇಕೆಂಬುದು 2002ರ ವೈದ್ಯಕೀಯ ನೀತಿ ನಿಯಮಾವಳಿಯಲ್ಲಿಯೇ ಇದೆ. ಹಾಗೆಂದು ನಿಯಮವನ್ನು ನಂಬಿ ಅಪ್ಪನ ಸ್ನೇಹಿತರ ಬಳಿಯೇ ಹೋಗಿ ಎಂದು ನಾನು ಹೇಳಲಾರೆ. ಸಂಜೆಯ ಕಾಫಿಯ ಹೊತ್ತಿನಲ್ಲಿ ನಿಯಮಾವಳಿ ಯಾರಿಗೂ ನೆನಪಿರುವುದಿಲ್ಲ. ಬೇರೆ ಬಾಗಿಲುಗಳಿವೆ. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಗಳಲ್ಲಿ ತಂಬಾಕು ವ್ಯಸನಮುಕ್ತಿ ಕೇಂದ್ರಗಳಿವೆ, ವೈದ್ಯಕೀಯ ಕಾಲೇಜುಗಳ ಮನೋವೈದ್ಯಕೀಯ ವಿಭಾಗದಲ್ಲಿಯೂ ಈ ಚಿಕಿತ್ಸೆ ಸಿಗುತ್ತದೆ. ನಿಮ್ಮ ಕಂಪನಿ ಇ.ಎಸ್.ಐ. ಕಟ್ಟುತ್ತಿದ್ದರೆ ಅಲ್ಲಿಯ ಔಷಧಾಲಯದ ವೈದ್ಯರನ್ನೂ ಕಾಣಬಹುದು. ಬಾಯಿಬಿಟ್ಟು ಹೇಳಲು ನಾಲಗೆ ಏಳದಿದ್ದರೆ ಒಂದು ಕಾಗದದಲ್ಲಿ ‘ದಿನಕ್ಕೆ 6–7 ಸಿಗರೇಟು, 3 ವರ್ಷದಿಂದ, ಬಿಡಬೇಕೆಂದಿದ್ದೇನೆ’ ಎಂದು ಬರೆದು ಚೀಟಿಯ ಜೊತೆಗೆ ಮೇಜಿನ ಮೇಲಿಡಿ. ಹಾಗೆ ಇಟ್ಟವರನ್ನು ನಾನು ಕಂಡಿದ್ದೇನೆ. ಅಷ್ಟು ಸ್ಪಷ್ಟವಾದ ರೋಗ ಚರಿತ್ರೆ ಬೇರೆ ರೋಗಿಗಳಿಂದ ಸಿಗುವುದು ಅಪರೂಪ.

ಇನ್ನು ಮೂರನೆಯ ದಿನದ ಸೋಲು. ತಂಬಾಕಿನಲ್ಲಿ ಚಟ ಹತ್ತಿಸುವ ಅಂಶವಾದ ನಿಕೋಟಿನ್ ನಿಂತ ಕೆಲವೇ ಗಂಟೆಗಳಲ್ಲಿ ಚಡಪಡಿಕೆ, ಸಿಡುಕು, ಗಮನ ನಿಲ್ಲದಿರುವುದು ಶುರುವಾಗಿ, ಎರಡನೆಯ ಮೂರನೆಯ ದಿನಗಳಲ್ಲಿ ತುದಿಗೇರುತ್ತವೆ. ಆಮೇಲೆ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಅಂದರೆ ನೀವು ಎರಡು ಸಲವೂ ಏರಿನ ನೆತ್ತಿಯ ತನಕ ಹತ್ತಿ, ಇಳಿಜಾರು ಕಾಣುವ ಮುನ್ನವೇ ಹಿಂದಿರುಗಿದ್ದೀರಿ. ಹೆಂಗಸರ ದೇಹ ಗಂಡಸರದಕ್ಕಿಂತ ಬೇಗ ನಿಕೋಟಿನ್ ಅನ್ನು ಕರಗಿಸುತ್ತದೆ, ಈಸ್ಟ್ರೊಜೆನ್ ಮಾತ್ರೆ ನುಂಗುತ್ತಿರುವವರಲ್ಲಿ ಇನ್ನೂ ಬೇಗ. ಆದ್ದರಿಂದ ಮುಂದಿನದಕ್ಕೆ ಮನಸ್ಸು ಎಳೆಯುವುದೂ ಬೇಗ. ಇದನ್ನು ಮನೋಬಲದ ಪರೀಕ್ಷೆಯೆಂದು ತಿಳಿದು ಒಬ್ಬರೇ ಒದ್ದಾಡುವುದಕ್ಕಿಂತ ಔಷಧಿಯ ನೆರವು ಪಡೆಯುವುದು ಮೇಲು.

ಸಿಗರೇಟಿನ ಬದಲು ಜಗಿಯುವ ನಿಕೋಟಿನ್ ಗಮ್‌ನಲ್ಲಿ 2 ಮಿ.ಗ್ರಾಂ., 4 ಮಿ.ಗ್ರಾಂ. ಎಂದು ಎರಡಿವೆ, ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೇಬೇಕು ಎನ್ನುವವರಿಗೆ ದೊಡ್ಡದು, ಉಳಿದವರಿಗೆ ಸಣ್ಣದು. ಸಣ್ಣದು ಔಷಧಿ ಅಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆಯೂ ಸಿಗುತ್ತದೆ. ಗಮ್ ಫಲಿಸಲಿಲ್ಲ ಎಂದು ದೂರುವವರಲ್ಲಿ ಬಹುತೇಕರು ಅದನ್ನು ಬಬಲ್‌ಗಮ್‌ನಂತೆ ಜಗಿದು ನುಂಗಿದವರು. ನಿಧಾನವಾಗಿ ಕೆಲವು ಸಲ ಜಗಿದು, ನಾಲಗೆಗೆ ಖಾರದ ಚುರುಕು ತಾಗಿದೊಡನೆ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಒತ್ತರಿಸಿಡಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಒಂದು ಗಮ್ ಸುಮಾರು ಅರ್ಧ ಗಂಟೆ ಬರುತ್ತದೆ. ಹಾಕಿಕೊಳ್ಳುವ ಕಾಲು ಗಂಟೆ ಮುಂಚೆ ಕಾಫಿ, ನಿಂಬೆ ಪಾನಕ ಕುಡಿಯಬಾರದು, ಕುಡಿದರೆ ನಿಕೋಟಿನ್ ಬಾಯಿಯಲ್ಲಿ ಹೀರಿಕೊಳ್ಳುವುದಿಲ್ಲ. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ ಬಳಸಿ, ಮೂರು ತಿಂಗಳ ಹೊತ್ತಿಗೆ ಇಳಿಸುತ್ತ ಬಂದು ನಿಲ್ಲಿಸುವುದು ವಾಡಿಕೆ. ಚರ್ಮಕ್ಕೆ ಅಂಟಿಸುವ ಪ್ಯಾಚ್, ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳೂ ಇವೆ. ಮಾತ್ರೆಗಳನ್ನು ಮಾತ್ರ ವೈದ್ಯರೇ ನೋಡಿ ಕೊಡಬೇಕು.

ಬಿಡುವ ದಿನವನ್ನು ಹಗಲು ಪಾಳಿಯ ವಾರದಲ್ಲಿ ಗೊತ್ತುಮಾಡಿ. ಇನ್ನೊಂದು ಮಾತು, ಇದನ್ನು ಹೇಳುವವರು ಕಡಿಮೆ: ಸಿಗರೇಟಿನ ಹೊಗೆ ದೇಹದಲ್ಲಿ ಕೆಫೀನ್ ಬೇಗ ಕರಗುವಂತೆ ಮಾಡುತ್ತದೆ. ಸೇದುವುದು ನಿಂತಾಗ ಅದೇ ನಾಲ್ಕು ಲೋಟ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿದು, ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು ಇವೆಲ್ಲ ಸಿಗರೇಟು ಬಿಟ್ಟದ್ದರ ತೊಂದರೆಯೆಂದೇ ತೋರುತ್ತವೆ. ಕಾಫಿಯನ್ನು ಅರ್ಧಕ್ಕಿಳಿಸಿ. ತೂಕದ ಭಯ ನಿಮಗೆ ಇದ್ದೇ ಇರುತ್ತದೆ, ಪಿ.ಸಿ.ಓ.ಡಿ. ಇರುವವರಿಗೆ ಇನ್ನೂ ಹೆಚ್ಚು. ಬಿಟ್ಟ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ಏರುವುದುಂಟು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಬ್ರಿಟನ್ನಿನಲ್ಲಿ 13 ಲಕ್ಷ ಹೆಂಗಸರನ್ನು ಹಲವು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 30ರೊಳಗೆ ಬಿಟ್ಟವರು ಸೇದುತ್ತಲೇ ಇದ್ದರೆ ಬರಬಹುದಾಗಿದ್ದ ಅಕಾಲ ಮರಣದ ಹೆಚ್ಚುವರಿ ಅಪಾಯದಲ್ಲಿ ಶೇ 97ಕ್ಕಿಂತ ಹೆಚ್ಚನ್ನು ತಪ್ಪಿಸಿಕೊಂಡಿದ್ದರು. ನಿಮಗೆ ಇನ್ನೂ ಆರು ವರ್ಷ ಕೈಯಲ್ಲಿದೆ, ಅಷ್ಟನ್ನೂ ಬಳಸಿಕೊಳ್ಳಬೇಕೆಂದೇನಿಲ್ಲ.

ರಾತ್ರಿ ಪಿ.ಜಿ.ಯಲ್ಲಿ ಒಬ್ಬರೇ ಇರುವಾಗ ಮನಸ್ಸು ಎಳೆದರೆ, ಆ ಸೆಳೆತ ಕೆಲವೇ ನಿಮಿಷಗಳದ್ದು ಎಂಬುದನ್ನು ನೆನಪಿಡಿ. 1800-11-2356 ಎಂಬುದು ತಂಬಾಕು ಬಿಡಿಸಲು ಇರುವ ರಾಷ್ಟ್ರೀಯ ಉಚಿತ ಸಹಾಯವಾಣಿ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಸಂಖ್ಯೆಯನ್ನು ಫೋನಿನಲ್ಲಿ ಗೆಳತಿಯೊಬ್ಬಳ ಹೆಸರಿನಲ್ಲಿ ಉಳಿಸಿಕೊಂಡರೂ ಅಡ್ಡಿಯಿಲ್ಲ.

ಪ್ರಶ್ನೆ: ನಾನು ಚಿಂತಾಮಣಿ ಕಡೆಯ ಆರೋಗ್ಯ ಉಪಕೇಂದ್ರವೊಂದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ತಂಬಾಕಿನ ಬಗ್ಗೆ ಹುಡುಗಿಯರನ್ನು, ಹೊಸದಾಗಿ ಮದುವೆಯಾದವರನ್ನು ಕೇಳಲು ಹೋದರೆ ಜೊತೆಗೆ ಬಂದವರು ‘ನಮ್ಮ ಮನೆ ಹೆಣ್ಣುಮಕ್ಕಳು ಅಂಥವರಲ್ಲ’ ಎಂದು ರೇಗುತ್ತಾರೆ. ಒಬ್ಬೊಬ್ಬರಿಗೆ ಐದು ನಿಮಿಷವೂ ಸಿಗದ ಜಾಗದಲ್ಲಿ ಇದು ಸಾಧ್ಯವೇ, ಇದರಿಂದ ಉಪಯೋಗವಿದೆಯೇ?
— ಚಿಕ್ಕಬಳ್ಳಾಪುರ

ಉತ್ತರ: ಉಪಯೋಗದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಂಬಿಕೆಯಿಲ್ಲದೆ ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಬರುವುದಿಲ್ಲ. 1979ರಲ್ಲಿ ಲಂಡನ್ನಿನ 28 ಸಾಮಾನ್ಯ ವೈದ್ಯರು ಬೇರೆ ಯಾವುದೋ ಕಾಯಿಲೆಗೆಂದು ಬಂದ ಸೇದುಗರಿಗೆ ಒಂದೆರಡು ನಿಮಿಷ ಬುದ್ಧಿ ಹೇಳಿ, ಒಂದು ಕರಪತ್ರ ಕೊಟ್ಟು, ‘ಮುಂದೆ ವಿಚಾರಿಸುತ್ತೇವೆ’ ಎಂದು ತಿಳಿಸಿ ಕಳುಹಿಸಿದ ಪ್ರಯೋಗದ ವರದಿ ಪ್ರಕಟವಾಯಿತು. ವರ್ಷದ ಕೊನೆಗೆ ಅವರಲ್ಲಿ ಶೇ 5.1 ಮಂದಿ ಬಿಟ್ಟಿದ್ದರು. ಏನೂ ಹೇಳಿಸಿಕೊಳ್ಳದವರಲ್ಲಿ ಶೇ 0.3. ನೂರಕ್ಕೆ ಐದು ಎಂದರೆ ಅಲ್ಪವೆನಿಸಬಹುದು, ಆದರೆ ಒಂದೆರಡು ನಿಮಿಷದ ಮಾತಿನಿಂದ ಇಷ್ಟು ಫಲ ಕೊಡುವ ಕೆಲಸ ನಮ್ಮ ವೃತ್ತಿಯಲ್ಲಿ ಬೇರೆ ಎಷ್ಟಿವೆ ಹೇಳಿ. ‘ಮುಂದೆ ವಿಚಾರಿಸುತ್ತೇವೆ’ ಎಂಬ ಮಾತನ್ನು ಗಮನಿಸಿ. ನಮ್ಮಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಅದೇ.

ನಮ್ಮ ನಮೂನೆಗಳಲ್ಲಿಯೇ ಒಂದು ಬಿರುಕಿದೆ. 10ರಿಂದ 19 ವರ್ಷದವರಿಗೆ ಸ್ನೇಹ ಕ್ಲಿನಿಕ್ ಎಂಬ ಹದಿಹರೆಯದವರ ಆರೋಗ್ಯ ಕೇಂದ್ರವಿದೆ. ಆಶಾ ಕಾರ್ಯಕರ್ತೆಯರು ಬಿ.ಪಿ., ಸಕ್ಕರೆ ಕಾಯಿಲೆಯಂಥ ಅಸಾಂಕ್ರಾಮಿಕ ರೋಗಗಳ ತಪಾಸಣೆಗೆ ಮನೆಮನೆಯಲ್ಲಿ ತುಂಬಿಸುವ ನಮೂನೆಯಲ್ಲಿ ತಂಬಾಕಿನ ಪ್ರಶ್ನೆಯಿದೆ, ಆದರೆ ಅದು 30 ತುಂಬಿದವರಿಗೆ. ನಡುವಿನ ಹತ್ತು ವರ್ಷ, ಅಂದರೆ ಪಿ.ಜಿ., ಕಾರ್ಖಾನೆಯ ಪಾಳಿ, ಮದುವೆ, ಮೊದಲ ಹೆರಿಗೆಗಳ ಕಾಲ, ಯಾರ ಕಣ್ಣಿಗೂ ಬೀಳದೆ ಜಾರಿಹೋಗುತ್ತದೆ. ವಿಚಿತ್ರವೆಂದರೆ ಆ ವಯಸ್ಸಿನ ಹೆಂಗಸರು ಆಸ್ಪತ್ರೆಗೆ ಬಾರದವರೇನಲ್ಲ. ಗರ್ಭ ನಿಂತಿದೆಯೇ ಎಂದು ಮೂತ್ರ ಪರೀಕ್ಷೆಗೆ ಬರುತ್ತಾರೆ, ಗರ್ಭ ತಡೆಯುವ ವಂಕಿ ಹಾಕಿಸಲು ಬರುತ್ತಾರೆ, ಅದೇ ಉದ್ದೇಶದ ಅಂತರಾ ಚುಚ್ಚುಮದ್ದಿಗೆ ಬರುತ್ತಾರೆ, ಮಗುವಿನ ಲಸಿಕೆಗೆ ಬರುತ್ತಾರೆ. ಒಬ್ಬ ಗಂಡಸು ಹತ್ತು ವರ್ಷದಲ್ಲಿ ನಿಮ್ಮೆದುರು ಕುಳಿತಷ್ಟು ಸಲ ಅವರು ಒಂದೇ ವರ್ಷದಲ್ಲಿ ಕುಳಿತಿರುತ್ತಾರೆ.

ಮಾಲಾ-ಎನ್ ಎಂಬ ಗರ್ಭನಿರೋಧಕ ಮಾತ್ರೆ ಕೊಡುವ ಸಂದರ್ಭ ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಅಲ್ಲಿ ಪ್ರಶ್ನೆಗೆ ತಕ್ಕ ಕಾರಣವೇ ಇದೆ. ‘ಈ ಮಾತ್ರೆ ಕೊಡುವ ಮುನ್ನ ಎಲ್ಲರನ್ನೂ ಕೇಳಬೇಕು. ಬಿ.ಪಿ. ಇದೆಯಾ? ತಲೆನೋವು ಬರುತ್ತಾ? ಕಡ್ಡಿಪುಡಿ, ಹೊಗೆಸೊಪ್ಪು, ಬೀಡಿ, ಸಿಗರೇಟು, ಯಾವುದಾದರೂ ಅಭ್ಯಾಸ ಇದೆಯಾ?’ ಎಂದು ಒಂದೇ ಉಸಿರಿನಲ್ಲಿ, ಬಿ.ಪಿ. ಪಟ್ಟಿ ಕಟ್ಟುತ್ತ ಕೇಳಿ. ‘ಎಲ್ಲರನ್ನೂ’ ಎಂಬ ಪದವನ್ನು ನುಂಗಬೇಡಿ. ಬೇರೆಯವರನ್ನೂ ಕೇಳುತ್ತೀರಿ ಎಂದು ತಿಳಿದಾಗ ರೇಗುವವರು ಕಡಿಮೆ. ಹೌದು ಎಂದರೆ, ಮಾಲಾ-ಎನ್‌ನಲ್ಲಿ ಈಸ್ಟ್ರೊಜೆನ್ ಇದೆ, ಛಾಯಾ ಎಂಬ ಗರ್ಭನಿರೋಧಕ ಮಾತ್ರೆಯಲ್ಲಾಗಲಿ ಅಂತರಾದಲ್ಲಾಗಲಿ ಇಲ್ಲ ಎಂದು ತಿಳಿಸಿ, ವೈದ್ಯಾಧಿಕಾರಿಯ ಸಲಹೆ ಪಡೆಯಿರಿ. 35 ದಾಟಿ ಸೇದುವವರಾದರೆ ಮಾಲಾ-ಎನ್ ಬೇಡವೇ ಬೇಡ.

ಜೊತೆಗೆ ಬಂದ ಅತ್ತೆಯನ್ನು ಹೊರಗೆ ಕಳುಹಿಸುವುದು ನಿಮ್ಮಿಂದಾಗದು, ಯಾರಿಂದಲೂ ಆಗದು. ತೂಕ ನೋಡುವ ನೆಪದಲ್ಲಿ, ಮೂತ್ರದ ಡಬ್ಬಿ ಕೊಡುವ ನೆಪದಲ್ಲಿ ಸೊಸೆಯನ್ನೇ ಒಳಗೆ ಕರೆದುಕೊಳ್ಳಿ. ಆ ಒಂದು ನಿಮಿಷದಲ್ಲಿ ನೀತಿಬೋಧೆ ಬೇಡ, ಚಿತ್ರ ತೋರಿಸಿ ಹೆದರಿಸುವುದೂ ಬೇಡ. ಬಿಡಬೇಕೆಂಬ ಮನಸ್ಸಿದೆಯೇ ಎಂದು ಕೇಳಿ. ಇದೆ ಎಂದರೆ ಒಂದು ತಾರೀಕನ್ನು ಅವರ ಬಾಯಿಂದಲೇ ಹೇಳಿಸಿ, ಆ ತಾರೀಕಿನ ಮೂರನೆಯ ದಿನ ಮತ್ತು ಹತ್ತನೆಯ ದಿನ ಮಾತನಾಡಲು ಅನುಕೂಲವಾದ ವೇಳೆಯನ್ನು ಕೇಳಿಟ್ಟುಕೊಳ್ಳಿ. ಇಲ್ಲ ಎಂದರೆ ‘ಆಗಲಿ, ಮುಂದಿನ ಸಲ ಮತ್ತೆ ಕೇಳುತ್ತೇನೆ’ ಎಂದಷ್ಟೇ ಹೇಳಿ, ಹೇಳಿದಂತೆ ನಿಜವಾಗಿಯೂ ಕೇಳಿ. ದಾಖಲೆಯನ್ನು ನಿಮ್ಮ ಪುಸ್ತಕದಲ್ಲಿ ಇಟ್ಟುಕೊಳ್ಳಿ. ಮನೆಯವರೆಲ್ಲ ತಿರುವಿ ನೋಡುವ ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ಬರೆದರೆ ಆ ಹುಡುಗಿ ನಿಮ್ಮ ಕೇಂದ್ರದ ಕಡೆ ಮತ್ತೆ ತಲೆ ಹಾಕುವುದಿಲ್ಲ. ಹೆಚ್ಚಿನ ನೆರವು ಬೇಕಾದವರನ್ನು, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರಲ್ಲಿಗೆ ಕಳುಹಿಸಬಹುದು.

ಪ್ರಶ್ನೆ: ನಾನೀಗ ಮೂರು ತಿಂಗಳ ಗರ್ಭಿಣಿ. ಮದುವೆಗೆ ಮುಂಚೆ ಕೆಲಸದಲ್ಲಿದ್ದಾಗ ಕಲಿತ ಸಿಗರೇಟು ಈಗಲೂ ದಿನಕ್ಕೆ ಎರಡು ಇದೆ. ಗಂಡ ಸೇದುತ್ತಾರೆ, ನನ್ನದೂ ಅವರಿಗೆ ಗೊತ್ತು. ಗರ್ಭಿಣಿ ಏಕಾಏಕಿ ಬಿಟ್ಟರೆ ಮಗುವಿಗೆ ಆಘಾತವಾಗುತ್ತದೆ ಎಂದು ಗೆಳತಿ ಹೇಳುತ್ತಾಳೆ. ನಿಜವೇ?
— ಮಾಲೂರು, ಕೋಲಾರ ಜಿಲ್ಲೆ

ಉತ್ತರ: ಅಲ್ಲ. ಇವತ್ತೇ ಬಿಡಬಹುದು, ಪೂರ್ತಿಯಾಗಿ ಬಿಡಬಹುದು. ಇದರಿಂದ ಮಗುವಿಗೆ ಒಳ್ಳೆಯದೇ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ನಿಮ್ಮ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಬಳಿಸಿ ಮಾಸಿನ ಮೂಲಕ ಮಗುವಿಗೂ ತಲುಪುತ್ತದೆ. ತೂಕ ಕಡಿಮೆಯ ಮಗು, ದಿನ ತುಂಬುವ ಮುನ್ನ ಹೆರಿಗೆ, ಮಾಸು ಮೊದಲೇ ಕಳಚಿಕೊಳ್ಳುವುದು ಮುಂತಾದ ಅಪಾಯಗಳು ಹೆಚ್ಚುತ್ತವೆ. ಬಿಟ್ಟ ಒಂದೆರಡು ದಿನಗಳಲ್ಲಿ ಆ ಅನಿಲ ರಕ್ತದಿಂದ ಹೊರಟುಹೋಗುತ್ತದೆ. ಎರಡೇ ತಾನೇ ಎಂಬ ಸಮಾಧಾನವೂ ಬೇಡ.

ಗರ್ಭಿಣಿಯರಿಗೆ ಮೊದಲ ಚಿಕಿತ್ಸೆ ಆಪ್ತಸಲಹೆಯೇ. ಬುಪ್ರೊಪಿಯಾನ್, ವರೆನಿಕ್ಲಿನ್ ನಿಮಗಲ್ಲ. ಮೇಲೆ ಬರೆದ ಗಮ್ ಅನ್ನೂ ವೈದ್ಯರನ್ನು ಕೇಳದೆ ಕೊಳ್ಳಬೇಡಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ವೈದ್ಯರೇ ಗರ್ಭಿಣಿಯರನ್ನು ಪರೀಕ್ಷಿಸುತ್ತಾರೆ. ಮುಂದಿನ 9ಕ್ಕೆ ಗಂಡನನ್ನೂ ಕರೆದುಕೊಂಡು ಹೋಗಿ. ಅವರು ಬಿಡದೆ ನೀವು ಬಿಡುವುದು ಕಷ್ಟ, ಬಿಟ್ಟದ್ದನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಅವರ ಹೊಗೆ ನಿಮಗೂ ಹಾನಿಯೇ. ಹೆರಿಗೆಯ ನಂತರದ ನಿದ್ದೆಗೆಟ್ಟ ತಿಂಗಳುಗಳಲ್ಲಿ ಮತ್ತೆ ಶುರುಮಾಡುವವರು ಬಹಳ. ಆದ್ದರಿಂದ ಮಗುವಿನ ಆರನೆಯ ವಾರದ ಲಸಿಕೆಗೆ ಹೋದಾಗ ನರ್ಸಮ್ಮನಿಗೆ ನಿಮ್ಮ ವಿಷಯವನ್ನೂ ನೀವೇ ನೆನಪಿಸಿ.

ಪ್ರಶ್ನೆ: ಸಿಗರೇಟು ಬಿಡಲು ವೇಪ್ (ಇ-ಸಿಗರೇಟು) ಸಹಾಯವಾಗುತ್ತದೆ ಎಂದು ಕಾಲೇಜಿನ ಗೆಳತಿಯರು ಹೇಳುತ್ತಾರೆ. ತರಿಸಿಕೊಳ್ಳಲೇ?
— ತುಮಕೂರು

ಉತ್ತರ: ಬೇಡ. 2019ರ ಕಾಯಿದೆಯಂತೆ ನಮ್ಮ ದೇಶದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ ಎಲ್ಲವೂ ನಿಷಿದ್ಧ. ಕದ್ದು ಮಾರುವ ವಸ್ತುವಿನೊಳಗೆ ಎಷ್ಟು ನಿಕೋಟಿನ್ ಇದೆ, ಇನ್ನೇನಿದೆ ಎಂದು ಹೇಳುವವರು ಯಾರೂ ಇಲ್ಲ. ಮೊದಲ ಉತ್ತರದಲ್ಲಿರುವ ಗಮ್, ಪ್ಯಾಚ್‌ಗಳು ಇದೇ ಕೆಲಸಕ್ಕೆಂದೇ ತಯಾರಾದವು.

ಪ್ರಶ್ನೆ: ನಮ್ಮ ಮಗಳಿಗೆ 20 ವರ್ಷ, ಹಾಸ್ಟೆಲಿನಲ್ಲಿದ್ದಾಳೆ. ರಜೆಗೆ ಬಂದಾಗ ಅವಳ ಬ್ಯಾಗಿನಲ್ಲಿ ಸಿಗರೇಟಿನ ಪ್ಯಾಕು ಸಿಕ್ಕಿತು. ಎರಡು ದಿನದಿಂದ ಅನ್ನ ಸೇರುತ್ತಿಲ್ಲ. ಅವರ ಅಪ್ಪನಿಗೆ ಹೇಳಿ ಓದು ಬಿಡಿಸಿ ಮನೆಯಲ್ಲಿ ಕೂರಿಸುವುದೇ ಸರಿ ಎನಿಸುತ್ತಿದೆ.
— ಕೋಲಾರ

ಉತ್ತರ: ಅಮ್ಮಾ, ಓದು ಬಿಡಿಸಿದರೆ ಸಿಗರೇಟು ಬಿಡುವುದಿಲ್ಲ, ನಿಮ್ಮೊಡನೆ ಮಾತು ಬಿಡುತ್ತಾಳೆ. ಅಪ್ಪನಿಗೆ ಹೇಳುವುದೋ ಬೇಡವೋ ಎಂಬುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ರಾಜ್ಯದ ತಿದ್ದುಪಡಿ ಕಾನೂನಿನಂತೆ 21 ತುಂಬದವರಿಗೆ ಸಿಗರೇಟು ಮಾರುವುದೇ ಅಪರಾಧ. ಆದರೆ ಆ ಕಾನೂನು ಅಂಗಡಿಯವನಿಗೆ, ನಿಮ್ಮ ಮಗಳ ಮೇಲೆ ಬೀಸಲು ಅಲ್ಲ.

ಅಡುಗೆಮನೆಯಲ್ಲಿ ಇಬ್ಬರೇ ಇರುವಾಗ ಪ್ಯಾಕು ಕಂಡದ್ದನ್ನು ನೇರವಾಗಿ ಹೇಳಿ. ದಿನಕ್ಕೆಷ್ಟು, ಯಾವಾಗಿನಿಂದ ಎಂದು ಕೇಳಿ. ಹಾಸ್ಟೆಲಿನಲ್ಲಿ ಮನಸ್ಸಿಗೆ ಏನಾದರೂ ಭಾರವಾಗಿದೆಯೇ ಎಂದೂ ಕೇಳಿ, ಏಕೆಂದರೆ ಖಿನ್ನತೆ, ಆತಂಕಗಳು ಎಷ್ಟೋ ಸಲ ಈ ಪ್ಯಾಕಿನ ಹಿಂದೆ ಅಡಗಿರುತ್ತವೆ. ಅಂಥದ್ದಿದ್ದರೆ 14416 ಎಂಬ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಗೆ ಅವಳೇ ಕರೆ ಮಾಡಬಹುದು. ಆಮೇಲೆ ನಿಮ್ಮಿಬ್ಬರಿಗೂ ಪರಿಚಯವಿಲ್ಲದ ಒಬ್ಬ ವೈದ್ಯೆಯಲ್ಲಿಗೆ ಅವಳನ್ನು ಕರೆದೊಯ್ಯಿರಿ. ಚೀಟಿ ಮಾಡಿಸಿ, ಸರದಿ ಬಂದಾಗ ಅವಳೊಬ್ಬಳನ್ನೇ ಒಳಗೆ ಕಳುಹಿಸಿ. ನೀವು ಹೊರಗಿನ ಬೆಂಚಿನ ಮೇಲೆ ಕುಳಿತಿರಿ. ಹೊರಬಂದ ಮೇಲೆ ಒಳಗೇನು ನಡೆಯಿತು ಎಂದು ಕೇಳಬೇಡಿ.